ಬೈತೀರಿ ಅಂತ ಹೇಳಲಿಲ್ಲ

ಪ್ರಶ್ನೆ: ನನಗೆ 36 ವರ್ಷ. ಪೀಣ್ಯದ ಸುತ್ತಮುತ್ತ ಶೆಡ್ಡು, ಬಿಲ್ಡಿಂಗ್‌ಗಳ ಲೇಬರ್ ಕಾಂಟ್ರಾಕ್ಟ್ ಮಾಡುತ್ತೇನೆ. ಎರಡು ತಿಂಗಳ ಹಿಂದೆ ಹಳೇ ಶೆಡ್ಡಿನ ಮೇಲೆ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಹುಡುಗ ಶೀಟು ಒಡೆದು ಕೆಳಗೆ ಬಿದ್ದ. ಜೀವ ಉಳಿಯಿತು, ಕಾಲಿಗೆ ರಾಡ್ ಹಾಕಿದ್ದಾರೆ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಸೈಟಿನಿಂದ ಫೋನ್ ಬಂದರೆ ಕೈ ನಡುಗುತ್ತದೆ. ಬಾಬುಸಾಪಾಳ್ಯದ ಬಿಲ್ಡಿಂಗ್ ಬಿದ್ದದ್ದೇ ಕಣ್ಣಮುಂದೆ ಬರುತ್ತದೆ. ಹೆಲ್ಮೆಟ್, ಬೆಲ್ಟ್ ತಂದುಕೊಟ್ಟರೂ ಹುಡುಗರು ಹಾಕುವುದಿಲ್ಲ. ದಿನಾ ಬೈದು ಗಂಟಲು ಕಟ್ಟಿದೆ. ಮನೆಯಲ್ಲೂ ಸಿಡುಕುತ್ತೇನಂತೆ. ಆ ಶೀಟು ಬಿರಿದಿದ್ದು ಇಬ್ಬರಿಗೆ ಹಿಂದಿನ ದಿನವೇ ಗೊತ್ತಿತ್ತು, ಬೈತೀರಿ ಅಂತ ಹೇಳಲಿಲ್ಲ ಎಂದರು. ಈ ಕೆಲಸವನ್ನೇ ಬಿಟ್ಟುಬಿಡಲೇ?
– ಹೆಸರು ಬೇಡ, ರಾಜಗೋಪಾಲನಗರ

ಉತ್ತರ: ನಿಮ್ಮ ಸೈಟಿನಲ್ಲೇ ನಿಮ್ಮ ಹುಡುಗನೊಬ್ಬ ಬಿದ್ದಿದ್ದಾನೆ. ಅದಾದ ಮೇಲೆ ನಿದ್ದೆ ಕೆಡುವುದು, ಫೋನ್ ಸದ್ದಿಗೆ ಬೆಚ್ಚುವುದು, ಎಲ್ಲರ ಮೇಲೂ ಸಿಡುಕುವುದು ದೌರ್ಬಲ್ಯವಲ್ಲ. ದೊಡ್ಡ ಆಘಾತವಾದಾಗ ಮನಸ್ಸು ಹೀಗೇ ವರ್ತಿಸುತ್ತದೆ. 2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದು 9 ಜನ ಹೋದರು. ಆ ಸುದ್ದಿ ನೋಡಿ ಬೆಂಗಳೂರಿನ ಎಷ್ಟೋ ಮೇಸ್ತ್ರಿಗಳು, ಎಂಜಿನಿಯರುಗಳು ಮನಸ್ಸಿನಲ್ಲೇ ತಮ್ಮ ಸೈಟನ್ನು ಒಂದು ಸುತ್ತು ನೋಡಿ ಬಂದಿರುತ್ತಾರೆ. ಹೆದರಿದವರು ನೀವೊಬ್ಬರೇ ಅಲ್ಲ.

ನಿಮ್ಮ ಪತ್ರದಲ್ಲಿ ಹೆಲ್ಮೆಟ್ಟಿನ ವಿಷಯಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯಲ್ಲಿ ಬಂದ ಒಂದು ಮಾತು. ಇಬ್ಬರಿಗೆ ಗೊತ್ತಿತ್ತು, ಬೈತೀರಿ ಅಂತ ಹೇಳಲಿಲ್ಲ. ಇದನ್ನು ಓದಿ ನಿಮ್ಮನ್ನೇ ಶಿಕ್ಷಿಸಿಕೊಳ್ಳಬೇಡಿ. ನೀವು ಬೈಯುವುದು ಅವರು ಬೀಳಬಾರದು ಎಂದೇ. ಆದರೆ ಅವರ ಕಿವಿಗೆ ಬೀಳುವುದು ಬೇರೆ: ‘ಏನಾದರೂ ಹೇಳಿದರೆ ಕೆಲಸ ನಿಲ್ಲುತ್ತದೆ, ನಿಂತರೆ ಇವತ್ತಿನ ಕೂಲಿ ಹೋಗುತ್ತದೆ, ಮೇಲಿಂದ ಬೈಗುಳ.’ ಊರಿಗೆ ದುಡ್ಡು ಕಳಿಸಬೇಕಾದ ಹುಡುಗ ಈ ಲೆಕ್ಕ ಹಾಕಿ ಸುಮ್ಮನಾಗುತ್ತಾನೆ. ಅದು ಅವನ ಉಡಾಫೆಯಲ್ಲ, ಬಡತನದ ಜಾಣತನ.

ಹಾಗಾಗಿ ಹುಡುಗರು ಯಾಕೆ ನನ್ನ ಮಾತು ಕೇಳುವುದಿಲ್ಲ ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಕೆಟ್ಟ ಸುದ್ದಿ ನನ್ನವರೆಗೆ ಬರಲು ಏನು ಅಡ್ಡ ಇದೆ ಎಂದು ನೋಡಿ.

ಮೊದಲನೆಯ ಅಡ್ಡಿ ಬಟವಾಡೆಯದು. ಅಪಾಯ ಕಂಡು ಯಾರಾದರೂ ಕೆಲಸ ನಿಲ್ಲಿಸಿದರೆ ಆ ದಿನದ ಕೂಲಿ ಕಡಿತವಿಲ್ಲ ಎಂದು ಎಲ್ಲರೆದುರು ಹೇಳಿ. ಅವತ್ತು ಕೆಳಗೆ ಕಂಬಿ ಕಟ್ಟುವ ಕೆಲಸ ಕೊಡಿ, ಆದರೆ ಶನಿವಾರ ಲೆಕ್ಕ ಪೂರ್ತಿ ಕೊಡಿ. ಒಂದು ಸಲ ಕೊಟ್ಟು ತೋರಿಸಿದರೆ ಸಾಕು, ಸುದ್ದಿ ತಾನಾಗಿ ಹಬ್ಬುತ್ತದೆ. ಚದರ ಅಡಿ ಲೆಕ್ಕದಲ್ಲಿ ದುಡಿಯುವ ಗ್ಯಾಂಗಿದ್ದರೆ ಇದು ಇನ್ನೂ ಮುಖ್ಯ. ಅವರಿಗೆ ಬೆಲ್ಟ್ ಬಿಗಿಯುವ ಹೊತ್ತೂ ನಷ್ಟವೇ.

ಎರಡನೆಯ ಅಡ್ಡಿ ಬೈಗುಳದ ಭಯ. ಅದಕ್ಕೆ ಮದ್ದು, ಬೆಳಗ್ಗೆ ಕೆಲಸಕ್ಕೆ ಮೊದಲಿನ ಹತ್ತು ನಿಮಿಷ. ಭಾಷಣ ಬೇಡ. ‘ನಿನ್ನೆ ಎಲ್ಲಿ ಜಾರಿತು, ಎಲ್ಲಿ ಭಯ ಆಯ್ತು?’ ಎಂದು ಕೇಳಿ ಸುಮ್ಮನೆ ನಿಲ್ಲಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ, ಕಾಲಲ್ಲಿ ಜಲ್ಲಿ ಕೆದಕುತ್ತ ನಿಂತಿರುತ್ತಾರೆ. ನೀವೇ ಒಂದು ಹೇಳಿ, ಸಾರುವೆಯ ಒಂದು ಹಲಗೆಗೆ ಕಟ್ಟು ಸಡಿಲವಾಗಿದೆ ಎಂದೋ ಏನೋ. ಯಾರಾದರೂ ಹೇಳಿದ ದಿನ, ಅದು ಎಷ್ಟೇ ಸಣ್ಣ ವಿಷಯವಾಗಿರಲಿ, ‘ಹೇಳಿದ್ದು ಒಳ್ಳೇದಾಯ್ತಪ್ಪ’ ಎನ್ನಿ, ಅವನ ಕಣ್ಣೆದುರೇ ಸರಿಮಾಡಿಸಿ. ಬಿಹಾರ, ಬಂಗಾಳದ ಹುಡುಗರಿದ್ದರೆ ಅವರ ಪೈಕಿ ಹಿರಿಯನೊಬ್ಬನ ಬಾಯಲ್ಲೇ ಹೇಳಿಸಿ.

ಶೆಡ್ಡಿನ ವಿಷಯದಲ್ಲಿ ಮಾತ್ರ ಮಾತುಕತೆಗೆ ಜಾಗ ಕೊಡಬೇಡಿ. ಸಿಮೆಂಟ್ ಶೀಟು ಆಳಿನ ಭಾರ ತಡೆಯುವುದಿಲ್ಲ. ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟಂತೂ ನಮ್ಮ ಕಡೆಯ ಧೂಳು ಕೂತು ಪಕ್ಕದ್ದರ ಬಣ್ಣಕ್ಕೇ ತಿರುಗಿರುತ್ತದೆ. ಮೇಲೆ ನಿಂತವನಿಗೆ ಯಾವುದು ಯಾವುದೆಂದು ಗೊತ್ತಾಗುವುದೇ ಇಲ್ಲ. ಕಬ್ಬಿಣದ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಬೇಕು, ಬೆಲ್ಟಿನ ಹಗ್ಗ ಸಿಕ್ಕಿಸಲು ಗಟ್ಟಿ ಜಾಗ ಇರಬೇಕು, ಇಲ್ಲದಿದ್ದರೆ ಯಾರೂ ಹತ್ತುವಂತಿಲ್ಲ. ಬೆಲ್ಟ್ ಕೊಟ್ಟು, ಅದನ್ನು ಸಿಕ್ಕಿಸಲು ಏನೂ ಇಲ್ಲದ ಸೈಟುಗಳೇ ಹೆಚ್ಚು. ಹುಡುಗರು ಹಾಕುವುದಿಲ್ಲ ಎಂದು ದೂರುವ ಮುನ್ನ ಇದನ್ನು ನೋಡಿ. ಕರೆಂಟ್ ಲೈನ್ ಹತ್ತಿರದಲ್ಲಿದ್ದರೆ ಕಂಬಿ ಎತ್ತುವ ಮೊದಲೇ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮಾಲೀಕರು ಆತುರ ಮಾಡುತ್ತಾರೆ, ನಿಜ. ಅವರ ಜೊತೆ ಜಗಳ ಬೇಡ. ‘ಹಲಗೆ, ಹಗ್ಗಕ್ಕೆ ಇಷ್ಟು ಖರ್ಚು, ಎರಡು ದಿನ ಹೆಚ್ಚು’ ಎಂದು ಕೊಟೇಶನ್‌ನಲ್ಲೇ ಬರೆದುಬಿಡಿ, ವಾಟ್ಸ್ಆ್ಯಪ್‌ನಲ್ಲೂ ಕಳಿಸಿ. ಅದಕ್ಕೂ ಒಪ್ಪದ ಒಂದು ಕೆಲಸ ಕೈಬಿಟ್ಟರೆ ಕಷ್ಟವಾದೀತು. ಆದರೂ ಬಿಡಿ ಎಂದೇ ಹೇಳುತ್ತೇನೆ.

ಕಸುಬು ಬಿಡಬೇಕೇ ಎಂಬುದನ್ನು ನಿದ್ದೆಗೆಟ್ಟ ತಲೆಯಲ್ಲಿ ತೀರ್ಮಾನಿಸಬೇಡಿ. ಎರಡು ತಿಂಗಳಾದರೂ ನಿದ್ದೆ ಬಾರದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ಗೂ ಹೋಗಬಹುದು, ಯಜಮಾನತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸಿಡುಕಿನ ಹಿಂದೆ ಹೆದರಿಕೆ ಇದೆ ಎಂದು ಅವರಿಗೆ ನಿಮ್ಮ ಬಾಯಿಂದಲೇ ತಿಳಿಯಲಿ.

ಬಿದ್ದ ಹುಡುಗನನ್ನು ಹೋಗಿ ನೋಡಿದಿರೋ ಇಲ್ಲವೋ ನೀವು ಬರೆದಿಲ್ಲ. ನೋಡದಿದ್ದರೆ ಈ ವಾರವೇ ಹೋಗಿ. ಕ್ಷಮೆ ಕೇಳಲು ಮಾತು ಹೊರಡದಿದ್ದರೆ ಕಾಗದಪತ್ರದ ಕೆಲಸದಿಂದಲೇ ಶುರುಮಾಡಿ. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಸಿಗಬೇಕೆಂಬ ಕಾನೂನು ಈ ದೇಶದಲ್ಲಿ 1923ರಿಂದಲೂ ಇದೆ. ಅವನಿಗೆ ಏನೇನು ಸಿಗಬೇಕು, ಹೇಗೆ ಅರ್ಜಿ ಹಾಕಬೇಕು ಎಂದು ಕಾರ್ಮಿಕ ಇಲಾಖೆಯ ಸಹಾಯವಾಣಿ 155214ರಲ್ಲಿ ವಿಚಾರಿಸಿ. ಉಳಿದ ಹುಡುಗರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಕೇಳಿ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಆ 90 ದಿನಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಸಹಿ ಹಾಕಿಸಿಕೊಳ್ಳಲು ಅವರು ಇನ್ನೊಬ್ಬರ ಹತ್ತಿರ ಅಲೆಯುವಂತೆ ಮಾಡಬೇಡಿ.