ನೇತ್ರರೋಗವೂ ಉತ್ತರಿಸುವ ಯಂತ್ರವೂ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದ ಪೀಳಿಗೆಯವರಿಗೂ ಬಂಗಾರಪೇಟೆಯ ಸುತ್ತಣ ಹಿರಿಯ ರೈತರಿಗೂ ಇದು ದೃಷ್ಟಿ ಮಂದವಾಗುವ ವಯಸ್ಸು. ಹಿಂದೆ ಡಾ. ಎಂ. ಸಿ. ಮೋದಿಯವರಂತಹ ಮಹನೀಯರು ಊರೂರಿಗೆ ತೆರಳಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಇಂದು ಮೊಮ್ಮಕ್ಕಳ ಕೈಯಲ್ಲಿರುವ ಫೋನೇ ಕಣ್ಣಿನ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ರೂಢಿ ಹಬ್ಬಿತು. ಇಂತಹ ಉತ್ತರಗಳು ಎಷ್ಟರಮಟ್ಟಿಗೆ ನಂಬಲರ್ಹವೆಂಬುದು ವಿಚಾರಣೀಯ.

2023ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ 200 ಪ್ರಶ್ನೆಗಳಿಗೆ ವೈದ್ಯರೂ ಯಂತ್ರವೂ ಕೊಟ್ಟ ಉತ್ತರಗಳನ್ನು ಎಂಟು ಮಂದಿ ನೇತ್ರತಜ್ಞರ ಮುಂದಿರಿಸಿದರು. ತಪ್ಪು ಮಾಹಿತಿಯಲ್ಲಾಗಲಿ, ಅಪಾಯದ ಸಂಭವದಲ್ಲಾಗಲಿ ಗಣನೀಯ ಅಂತರ ಕಂಡುಬರಲಿಲ್ಲ. ಆದರೆ ಅವು ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಗಳು ಎಂಬುದನ್ನು ಮರೆಯಲಾಗದು.

ತಮಿಳು, ತೆಲುಗು, ಕನ್ನಡಗಳು ಬೆರೆತ ನಮ್ಮ ಗಣಿನಾಡಿನಲ್ಲಿ ರೋಗಿಯು "ಕಣ್ಣು ಮಂಜಾಗಿದೆ, ಪೊರೆ ಇರಬೇಕು" ಎನ್ನುತ್ತಾನೆ. ಯಂತ್ರವು ಪೊರೆಯನ್ನು ಕುರಿತು ಸೊಗಸಾಗಿ ವಿವರಿಸೀತು. ಅದರಲ್ಲಿ ಒಂದು ಮಾತೂ ತಪ್ಪಿರಲಾರದು. ಆದರೆ ಇರುವ ರೋಗವು ಗ್ಲಾಕೋಮಾ ಆಗಿದ್ದರೆ ಆ ಸರಿಯಾದ ವಿವರಣೆಯೇ ರೋಗಿಯನ್ನು ದಾರಿ ತಪ್ಪಿಸುತ್ತದೆ. ಪೊರೆಯಿಂದ ಮಸುಕಾದ ದೃಷ್ಟಿಯು ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಮರಳುತ್ತದೆ; ಗ್ಲಾಕೋಮಾದಿಂದ ನಶಿಸಿದ ದೃಷ್ಟಿನರವು ಮರಳದು. "ಪೊರೆ ಬಲಿಯಲಿ" ಎಂದು ಕಾಯುವ ಹಳೆಯ ಅಭ್ಯಾಸ ಇಲ್ಲಿ ಕುರುಡುತನಕ್ಕೆ ಹಾದಿಯಾಗುತ್ತದೆ. ಕಣ್ಣಿನೊಳಗಿನ ಒತ್ತಡವನ್ನು ಅಳೆಯುವುದು, ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೋಡುವುದು ಮಾತಿನಿಂದ ಆಗುವ ಕೆಲಸವಲ್ಲ. ಮಧುಮೇಹಿಗಳ ಅಕ್ಷಿಪಟಲದ ಹಾನಿಯಂತೂ ಆರಂಭದಲ್ಲಿ ಯಾವ ತೊಂದರೆಯನ್ನೂ ತೋರದಿರುವುದರಿಂದ ರೋಗಿಯು ಪ್ರಶ್ನೆಯನ್ನೇ ಕೇಳುವುದಿಲ್ಲ.

ಹಾಗೆಂದು ಯಂತ್ರವು ತ್ಯಾಜ್ಯವಲ್ಲ. ತಂತ್ರಜ್ಞಾನವು ವೈದ್ಯರ ಹೊಣೆಗಾರಿಕೆಯೊಡನೆ ಕೂಡಿದಾಗ ಫಲವೇನೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ಚಿತ್ರಗಳನ್ನು ಗ್ರಾಮಾಂತರದಲ್ಲಿ ತೆಗೆದು ದೂರದ ತಜ್ಞರಿಗೆ ಕಳುಹಿಸುವ ವ್ಯವಸ್ಥೆಯಾಯಿತು. ಅಲ್ಲಿ ನಿರ್ಣಯವು ತಜ್ಞರದೇ.

ಆದುದರಿಂದ ವೈದ್ಯರು ಹೇಳಿದ ರೋಗವನ್ನು ಅರಿಯಲು, ಮುಂದಿನ ಭೇಟಿಯಲ್ಲಿ ಕೇಳಬೇಕಾದುದನ್ನು ಸಿದ್ಧಪಡಿಸಲು ಯಂತ್ರವನ್ನು ಬಳಸಬಹುದು. ಹಠಾತ್ ದೃಷ್ಟಿನಾಶ, ವಾಂತಿಯೊಡಗೂಡಿದ ಕಣ್ಣುನೋವು, ಭತ್ತದ ಹೊಟ್ಟು ತಗುಲಿ ಕೆಂಪಾದ ಕಣ್ಣು, ಇವುಗಳಿಗೆ ಆ ದಿನವೇ ಆಸ್ಪತ್ರೆ ಸೇರಬೇಕು. ತಾನಾಗಿ ಸ್ಟೀರಾಯ್ಡ್ ಹನಿಗಳನ್ನು ಹಾಕಿಕೊಳ್ಳಲಾಗದು.

ಪ್ರಶ್ನಿಸುವ ಧೈರ್ಯವನ್ನು ಕಲಿಸಿದ ಶರಣರ ಪರಂಪರೆಯ ಶಾಲೆಗಳು ಉತ್ತರವನ್ನೂ ಪ್ರಶ್ನಿಸುವ ವಿವೇಕವನ್ನು ಮಕ್ಕಳಲ್ಲಿ ಬೆಳೆಸಲಿ. ಅಜ್ಜನಿಗೆ ಫೋನಿನ ಉತ್ತರವನ್ನು ಓದಿ ಹೇಳುವ ಬಾಲಕನೇ ಅವನ ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯುವಂತಾದರೆ ನಮ್ಮ ವಿದ್ಯಾದಾನ ಸಾರ್ಥಕ.