ಲಿಥಿಯಂ ಕೋಶ: ಶಕ್ತಿ ಮತ್ತು ಎಚ್ಚರಿಕೆ

ಟಾರ್ಚಿಗೆ ಹಾಕುವ ಶುಷ್ಕಕೋಶವನ್ನು ನಾವೆಲ್ಲರೂ ಬಲ್ಲೆವು. ಅದರ ಹೊರಕವಚ ಸತುವಿನದು, ನಡುವೆ ಇಂಗಾಲದ ಕಡ್ಡಿ, ವಿಭವ 1.5 ವೋಲ್ಟ್. ಒಮ್ಮೆ ಮುಗಿದರೆ ಮತ್ತೆ ಚಾರ್ಜು ಮಾಡಲಾಗದ ಇಂಥವುಗಳಿಗೆ ಪ್ರಾಥಮಿಕ ಕೋಶಗಳೆಂದು ಹೆಸರು. ಇದೇ ವರ್ಗಕ್ಕೆ ಸೇರಿದ, ಆದರೆ ಬಲದಲ್ಲಿ ಬಹಳ ಮುಂದಿರುವ ಲಿಥಿಯಂ ಪ್ರಾಥಮಿಕ ಕೋಶವನ್ನು ಕುರಿತು ಈಗ ತಿಳಿಯೋಣ. ಮೊಬೈಲ್ ಫೋನಿನಲ್ಲಿರುವ, ಮತ್ತೆ ಮತ್ತೆ ಚಾರ್ಜು ಮಾಡುವ ಬ್ಯಾಟರಿ ಇದಲ್ಲ.

ಲಿಥಿಯಂ ಧಾತುವನ್ನು 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಕಂಡುಹಿಡಿದನು. ಲೋಹಗಳಲ್ಲೆಲ್ಲ ಇದೇ ಹಗುರ; ಇದರ ಸಾಂದ್ರತೆ ನೀರಿನ ಸುಮಾರು ಅರ್ಧದಷ್ಟು. ಒಂದು ಗ್ರಾಂ ಸತು 0.82 ಆಂಪಿಯರ್-ಗಂಟೆ ವಿದ್ಯುತ್ತನ್ನು ಕೊಡಬಲ್ಲದು. ಒಂದು ಗ್ರಾಂ ಲಿಥಿಯಂ 3.86 ಆಂಪಿಯರ್-ಗಂಟೆ. ಲಿಥಿಯಂ-ಥಯೊನಿಲ್ ಕ್ಲೋರೈಡ್ ಕೋಶದ ವಿಭವವೂ 3.6 ವೋಲ್ಟ್. ಬಳಸದೆ ಇಟ್ಟಾಗ ಲೋಹದ ಮೇಲೆ ಮೂಡುವ ತೆಳುಪೊರೆ ಅದು ವ್ಯರ್ಥವಾಗಿ ಸವೆಯದಂತೆ ಕಾಯುತ್ತದೆ. ಆದ್ದರಿಂದ ಇಂಥ ಕೋಶಗಳು ವರ್ಷಗಟ್ಟಲೆ ಕೆಡುವುದಿಲ್ಲ.

ಇದಕ್ಕೊಂದು ಉದಾಹರಣೆ ಹೈಗೆನ್ಸ್ ಶೋಧನೌಕೆ. ಅದರಲ್ಲಿದ್ದುದು ಲಿಥಿಯಂ-ಗಂಧಕದ ಡೈಆಕ್ಸೈಡ್ ಬ್ಯಾಟರಿಗಳು. 1997ರ ಅಕ್ಟೋಬರಿನಲ್ಲಿ ಭೂಮಿಯನ್ನು ಬಿಟ್ಟ ನೌಕೆ 2005ರ ಜನವರಿ 14ರಂದು ಶನಿಗ್ರಹದ ಉಪಗ್ರಹ ಟೈಟನ್ನಿನ ಮೇಲೆ ಇಳಿಯಿತು. ಏಳು ವರ್ಷಕ್ಕೂ ಮಿಕ್ಕು ಕಾದಿದ್ದ ಆ ಬ್ಯಾಟರಿಗಳು, ಸುತ್ತಲೂ ಸೊನ್ನೆಗಿಂತ 179 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಿದ್ದರೂ ತಮ್ಮ ಕೆಲಸವನ್ನು ಪೂರೈಸಿದವು.

ಆದರೆ ಹೆಚ್ಚು ಶಕ್ತಿಯನ್ನು ಕಿರಿದಾದ ಜಾಗದಲ್ಲಿ ತುಂಬಿದರೆ ಅಪಾಯವೂ ಹೆಚ್ಚು. ಕೋಶ ದೊಡ್ಡದಾದಷ್ಟೂ ಹೀಗೇಕೆ? ಗಣಿತದಿಂದ ನೋಡೋಣ. ಘನಾಕೃತಿಯೊಂದರ ಬದಿಯನ್ನು ಎರಡು ಪಟ್ಟು ಮಾಡಿದರೆ ಘನಫಲ ಎಂಟು ಪಟ್ಟಾಗುತ್ತದೆ, ಮೇಲ್ಮೈ ನಾಲ್ಕೇ ಪಟ್ಟಾಗುತ್ತದೆ. ಶಾಖ ಹುಟ್ಟುವುದು ಒಳಗಿನ ವಸ್ತುವಿನಲ್ಲಿ, ಹೊರಹೋಗುವುದು ಮೇಲ್ಮೈಯಿಂದ. ಹಾಗಾಗಿ ದೊಡ್ಡ ಕೋಶದಲ್ಲಿ ಶಾಖ ಸಿಕ್ಕಿಕೊಳ್ಳುತ್ತದೆ. ಎರಡು ಅಗ್ರಗಳು ತಂತಿಯಿಂದ ನೇರವಾಗಿ ಕೂಡಿದರೆ ಉಷ್ಣತೆ ಬೇಗ ಏರುತ್ತದೆ. 180 ಡಿಗ್ರಿ ದಾಟಿತೆಂದರೆ ಲಿಥಿಯಂ ಕರಗಿ, ಒಳಗಿನ ದ್ರವದೊಡನೆ ಉಗ್ರವಾಗಿ ವರ್ತಿಸಿ, ಕೋಶ ಸಿಡಿಯಬಹುದು. ಇದನ್ನು ತಡೆಯಲು ಫ್ಯೂಸನ್ನೂ, ಒತ್ತಡ ಹೆಚ್ಚಿದಾಗ ತೆರೆದುಕೊಳ್ಳುವ ಕಿಂಡಿಯನ್ನೂ ಅಳವಡಿಸುತ್ತಾರೆ. ಕಿಂಡಿಯಿಂದ ಬರುವ ಅನಿಲವೂ ವಿಷವೇ.

ಮಕ್ಕಳೇ, ಹಳೆಯ ಟಾರ್ಚ್ ಸೆಲ್ಲನ್ನು ಒಡೆದು ಕಡ್ಡಿ ತೆಗೆಯುವ ಚಪಲ ಹಲವರಿಗಿದೆ. ಲಿಥಿಯಂ ಕೋಶಕ್ಕೆ ಹಾಗೆ ಮಾಡಲೇಬೇಡಿ. ಲಿಥಿಯಂ ನೀರನ್ನು ಸೋಕಿದರೆ ಉರಿಯುವ ಜಲಜನಕ ಹೊರಬರುತ್ತದೆ. ಇಂಥ ಕೋಶವನ್ನು ಬೆಂಕಿಗೆ ಎಸೆಯಬಾರದು, ಚಾರ್ಜು ಮಾಡಬಾರದು, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಜೋಡಿಸಬಾರದು.

ಪಾಲಕರಿಗೂ ಒಂದು ಮಾತು. ರಿಮೋಟು, ಆಟಿಕೆ, ತೂಕದ ಯಂತ್ರಗಳಲ್ಲಿರುವ ನಾಣ್ಯದಂಥ ಬಿಲ್ಲೆಯೂ ಲಿಥಿಯಂ ಕೋಶವೇ. ಪುಟ್ಟ ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡು ಗಂಟೆಯೊಳಗೇ ಅಂಗಾಂಶವನ್ನು ಸುಡಬಲ್ಲದು. ಬಳಸಿ ಬಿಸಾಡಿದ ಬಿಲ್ಲೆಗೂ ಈ ಗುಣವುಂಟು. ನುಂಗಿದ ಸಂದೇಹ ಬಂದರೆ ವಾಂತಿ ಮಾಡಿಸಲು ಹೋಗದೆ, ನೋವು ಬರಲೆಂದು ಕಾಯದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಂದೇ ಮನೆಯಲ್ಲಿರುವ ಬಿಲ್ಲೆಗಳನ್ನು ಎಣಿಸಿ, ಮಕ್ಕಳ ಕೈಗೆಟುಕದ ಎಡೆಯಲ್ಲಿಡಿ.