ನಾಮಪದವೂ ವಿಶೇಷಣವೂ ಆಗುವ ಇಂಗ್ಲಿಷ್ ಪದಗಳು: ಬೀದರ್ ನಿದರ್ಶನಗಳೊಡನೆ

1. ವ್ಯಾಖ್ಯೆ: ರೂಪಭೇದವನ್ನು ಹೊಂದದೆಯೇ ಒಂದೆಡೆ ವಸ್ತುವನ್ನು ಹೆಸರಿಸಿ, ಮತ್ತೊಂದೆಡೆ ಬೇರೊಂದು ನಾಮಪದವನ್ನು ವಿಶೇಷಿಸುವ ಪದ. ಸ್ಥಾನವೇ ನಿರ್ಣಾಯಕ.

2. ‘ಬೀದರ್ ಫೋರ್ಟ್’, ‘ಭಾಲ್ಕಿ ಸ್ಟೇಷನ್’, ‘ಔರಾದ್ ತಾಲೂಕ್’ ಎಂಬಲ್ಲಿ ಊರ ಹೆಸರು ನಾಮಪದವಾಗಿಯೇ ಉಳಿದು ವಿಶೇಷಣದ ಕಾರ್ಯವನ್ನು ನೆರವೇರಿಸುವುದು. ಆದುದರಿಂದಲೇ ಅದಕ್ಕೆ ‘ವೆರಿ’ ಸೇರದು.

3. ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕಲೆಯನ್ನು (ಭೌಗೋಳಿಕ ಸೂಚಕ: 2006) ವರ್ಣಿಸುವಾಗ, ‘ಸಿಲ್ವರ್’ ಎಂಬುದು ಲೋಹವನ್ನೇ ಹೆಸರಿಸಿದರೆ ನಾಮಪದ, ‘ಸಿಲ್ವರ್ ವೈರ್’ ಎಂದಲ್ಲಿ ವಿಶೇಷಣ, ‘ಬಿದರಿ’ಯೂ ಅಂತೆಯೇ. ‘ಗೋಲ್ಡ್’ಗಾದರೋ ‘ಗೋಲ್ಡನ್’ ಎಂಬ ಜೊತೆಯುಂಟು: ಮೊದಲನೆಯದು ಸಾಮಾನ್ಯವಾಗಿ ಧಾತುವನ್ನೂ, ಎರಡನೆಯದು ಪ್ರಾಯಶಃ ವರ್ಣವನ್ನೂ ಶ್ರೇಷ್ಠತೆಯನ್ನೂ ಸೂಚಿಸುವುದು.

4. ಗೊಂದಲದ ಸ್ಥಾನ (ಕನ್ನಡ ಮಾಧ್ಯಮದವರು ಎಡವುವುದು ಹೆಚ್ಚಾಗಿ ಇಲ್ಲಿಯೇ): ಕನ್ನಡದ ‘ಬಡ’ವು ಪ್ರತ್ಯಯವನ್ನು ಪಡೆದು ‘ಬಡವರು’ ಎಂದಾಗುವುದು, ಇಂಗ್ಲಿಷಿನ ‘ಪೂರ್’ ರೂಪವನ್ನು ಬದಲಿಸದೆ, ‘ದ’ ಸೇರಿದೊಡನೆ ಬಹುವಚನಾರ್ಥವನ್ನು ತಳೆದು ‘ಆರ್’ ಕ್ರಿಯಾಪದವನ್ನು ಬೇಡುವುದು. ‘ದ ಪೂರ್ಸ್’ ಅಶುದ್ಧ; ‘ಇಂಡಿಯನ್’ ನಾಮಪದವೂ ಆದುದರಿಂದ ‘ಇಂಡಿಯನ್ಸ್’ ಶುದ್ಧ.

5. ವಿಶೇಷಣವಾದ ನಾಮಪದ ಸಾಮಾನ್ಯವಾಗಿ ಏಕವಚನ: ‘ಟೆನ್-ರುಪಿ ನೋಟ್’. ಅಪವಾದ: ‘ಸ್ಪೋರ್ಟ್ಸ್ ಡೇ’.